ಒಂದೇ ಸೆಲ್ಲಿನ ಚಾರ್ಜರ್

ಒಂದೇ ಸೆಲ್ ಹಿಡಿಯುವ ಈ ಅಗ್ಗದ ಚಾರ್ಜರನ್ನು ಮೊದಲು ಮಾಡಿದವನು ಯಾರೋ ನನಗೆ ಗೊತ್ತಿಲ್ಲ. ಎದುರಿಗೆ ಸಿಕ್ಕರೆ ಒಂದು ಲೋಟ ಚಹಾ ಕುಡಿಸಿ ಆಮೇಲೆ ಕೇಳುತ್ತೇನೆ: ಅಲ್ಲಯ್ಯಾ, ಇಷ್ಟು ಮಾಡಿದವನು ಪಕ್ಕದಲ್ಲಿ ಇನ್ನೊಂದು ಸೆಲ್ಲಿಗೆ ಜಾಗ ಬಿಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಅಂಗಡಿ ಎಂದರೆ ಕೂತಲ್ಲೇ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ, ಅಷ್ಟೇ. ಇಪ್ಪತ್ತೆಂಟು ವರ್ಷ ಇದರೊಳಗೇ ಕೂತು ನನ್ನ ಸೊಂಟ ಹೋಯಿತು. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದೆ, ಆಮೇಲೆ ಟೇಪ್‌ರೆಕಾರ್ಡರ್, ಆಮೇಲೆ ಟಿ.ವಿ. ಈಗ ಬರುವ ಸಾಮಾನುಗಳಿಗೆ ಬಿಚ್ಚೋಣವೆಂದರೆ ಒಂದು ಸ್ಕ್ರೂ ಕೂಡ ಇರುವುದಿಲ್ಲ. ಕೆಟ್ಟರೆ ಎಸೆಯುತ್ತಾರೆ. ಹಾಗಾಗಿ ರಿಪೇರಿ ಬಿಟ್ಟು ಬ್ಯಾಟ್ರಿ, ಸೆಲ್ಲು, ಚಾರ್ಜರ್ ಮಾರುತ್ತೇನೆ. ನಮ್ಮ ಕಡೆ ಟಾರ್ಚಿಗೇ ಬ್ಯಾಟ್ರಿ ಎನ್ನುವುದು. ಒಳಗೆ ಹಾಕುವ ಬೆರಳುದ್ದದ್ದು ಸೆಲ್ಲು. ಕುದಾಪುರದ ಕಡೆ ಸರ್ಕಾರಿ ಸಂಸ್ಥೆಗಳ ಗೋಡೆ ಕಾಯುವ ಸೆಕ್ಯೂರಿಟಿಯವರು, ತೋಟಕ್ಕೆ ನೀರು ಕಟ್ಟುವವರು, ಕುರಿಯವರು, ಎಲ್ಲರಿಗೂ ಇವು ಬೇಕು. ತಗೊಂಡು ಹೋಗುವಾಗ ನಗುತ್ತಾ ಹೋಗುತ್ತಾರೆ, ವಾರಕ್ಕೆ ಮುಖ ಗಂಟು ಹಾಕಿಕೊಂಡು ವಾಪಸ್ ತರುತ್ತಾರೆ. ಬೆಳಕು ಸಾಲದು, ಚಾರ್ಜ್ ನಿಲ್ಲುವುದಿಲ್ಲ, ಕೆಂಪು ದೀಪ ಹೋಗಲೇ ಇಲ್ಲ. ಕೇಳಿ ಕೇಳಿ ನನ್ನ ಕಿವಿ ಮರಗಟ್ಟಿದೆ.

ಆದರೆ ಒಂದು ಮಾತು. ನಾನು ಅಗ್ಗದ ಮಾಲು ಮಾರುತ್ತೇನೆ, ಕೆಟ್ಟ ಮಾಲು ಮಾರುವುದಿಲ್ಲ. ಸೆಲ್ಲಿನ ಮೇಲೆ ಅದರ ತಾಕತ್ತು ಒಂಬತ್ತು ಸಾವಿರ ಎಂದು ಬರೆದಿರುತ್ತಾರೆ, ಒಳಗೆ ಒಂದೂವರೆ ಸಾವಿರ ಇದ್ದರೆ ಪುಣ್ಯ. ಅದನ್ನು ಬಾಯಿಬಿಟ್ಟು ಹೇಳಿಯೇ ಕೊಡುತ್ತೇನೆ. ಪ್ರತಿ ಚಾರ್ಜರಿಗೂ ಮೀಟರ್ ಹಚ್ಚಿ ನೋಡಿ, ಸರಿ ಇದ್ದರೆ ಮಾತ್ರ ಡಬ್ಬಿ ಮುಚ್ಚುತ್ತೇನೆ. ಓಣಿಯಲ್ಲಿ ಇದಕ್ಕೆ ನನ್ನನ್ನು ನೋಡಿ ನಗುವವರಿದ್ದಾರೆ. ನಗಲಿ. ನನ್ನ ಹತ್ತಿರ ಹೆಮ್ಮೆಪಡಲು ಬೇರೆ ಏನೂ ಉಳಿದಿಲ್ಲ.

ಪಾತಮ್ಮ ಮೊದಲ ಸಲ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಐವತ್ತು ದಾಟಿದ ಹೆಂಗಸು, ಒಣಕಲು ಮೈ, ಕಾಲ ತುಂಬ ಧೂಳು. ಯಾರ ಕೈಲೋ ನನ್ನ ಅಂಗಡಿಯಿಂದ ತರಿಸಿಕೊಂಡಿದ್ದ ಚಾರ್ಜರನ್ನು ಸೆರಗಿನ ತುದಿಯಿಂದ ಬಿಚ್ಚಿ ಗಾಜಿನ ಮೇಲಿಟ್ಟು ಉಸ್ಸೆಂದು ಕೂತಳು.

"ಅಣ್ಣಾ, ಇದು ಬರೀ ಸುಳ್ಳು ಹೇಳ್ತೈತೆ. ಹಸಿರು ದೀಪ ತೋರಿಸ್ತೈತೆ, ಬ್ಯಾಟ್ರಿಗೆ ಹಾಕಿದ್ರೆ ಏನೂ ಇಲ್ಲ."

ನೋಡಿದೆ. ತಪ್ಪು ಚಾರ್ಜರಿನದಲ್ಲ. ಅವಳು ರಾಂಪುರದ ಸಂತೆಯಲ್ಲಿ ಬೇರೆ ಯಾರ ಹತ್ತಿರವೋ ಸೆಲ್ ಕೊಂಡಿದ್ದಳು, ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತದ್ದು. ಅದರ ತಲೆ ಚಪ್ಪಟೆ. ಚಾರ್ಜರಿನ ತಗಡಿಗೆ ತಾಗುತ್ತಲೇ ಇರಲಿಲ್ಲ. ಸೆಲ್ ತುಂಬಿದರೂ ಹಸಿರು, ಸೆಲ್ ತಾಗದೆ ಖಾಲಿ ಬಿದ್ದಿದ್ದರೂ ಹಸಿರು, ಈ ಚಾರ್ಜರಿನ ಬುದ್ಧಿ ಅಷ್ಟೇ. ತಲೆಯ ಮೇಲೆ ಗುಬುಟು ಇರುವ ಎರಡು ಸೆಲ್ ಕೊಟ್ಟು ಹೇಳಿದೆ: "ಮೊದ್ಲು ಕೆಂಪು ಬರ್ಬೇಕು. ಕೆಂಪು ಬರದೇ ಹಸಿರು ಬಂದ್ರೆ ನಂಬಬೇಡ."

"ಅಷ್ಟೇನಾ? ಅದಕ್ಕೆ ಎರಡು ಬಸ್ ಹತ್ತಿ ಬಂದೆನಾ ನಾನು?" ಎಂದು ನಕ್ಕಳು. ನಗುವಾಗಲೂ ಅವಳ ಮುಖದ ದಣಿವು ಹೋಗಲಿಲ್ಲ.

ಆವತ್ತೇ ಅವಳ ಕತೆ ತಿಳಿದದ್ದು. ಮೊಳಕಾಲ್ಮೂರು ತಾಲ್ಲೂಕು, ಕೊಂಡ್ಲಹಳ್ಳಿಯ ಆಚೆ ಒಂದು ಹಟ್ಟಿ. ಗಂಡ ಕಾಟಯ್ಯ ಕಿಲಾರಿ, ಎಂದರೆ ದೇವರಿಗೆ ಬಿಟ್ಟ ದನಗಳನ್ನು ಕಾಯುವವನು. ಆ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ. ಊರಿಂದ ಎರಡು ಮೈಲಿ ದೂರದ ಬಯಲಿನಲ್ಲಿ ಮುಳ್ಳುಬೇಲಿ ಹಾಕಿದ ರೊಪ್ಪ ಇದೆ. ದನ ಅಲ್ಲಿ, ಕಾಟಯ್ಯನೂ ಅಲ್ಲೇ. ಹದಿನಾರು ವರ್ಷದಿಂದ ಅವನು ಮನೆಯಲ್ಲಿ ಮಲಗಿಲ್ಲ. ರೊಪ್ಪಕ್ಕೆ ಕರೆಂಟಿಲ್ಲ, ಸುತ್ತ ತೋಳಗಳ ಕಾಟ. ಪಾತಮ್ಮ ಹಗಲಲ್ಲಿ ಮನೆಯಲ್ಲಿ ಒಂದು ಸೆಲ್ ಚಾರ್ಜಿಗೆ ಹಾಕುತ್ತಾಳೆ, ಬಂದು ಹೋಗುವ ಕರೆಂಟಿನಲ್ಲಿ ಅದು ತುಂಬುವಷ್ಟರಲ್ಲಿ ಸಂಜೆ. ಮುದ್ದೆಯ ಬುತ್ತಿಯ ಜೊತೆ ಅದನ್ನು ಒಯ್ದು ಕೊಟ್ಟು, ಹಿಂದಿನ ದಿನದ್ದನ್ನು ಇಸಿದುಕೊಂಡು ಬರುತ್ತಾಳೆ. ದಿನಾ ನಾಲ್ಕು ಮೈಲಿ. ನನಗೆ ಕೇಳಿಯೇ ಕಾಲು ನೋವು ಬಂತು.

ಹದಿನೈದು ದಿನಕ್ಕೆ ಮತ್ತೆ ಬಂದಳು. "ಬೆಳಕೇ ಇಲ್ವಂತಣ್ಣ."

ಮೀಟರ್ ಹಚ್ಚಿದೆ. ಸೆಲ್ ತುಂಬಿತ್ತು, ಚಾರ್ಜರ್ ಸರಿ ಇತ್ತು. ಆದರೂ ಹೆಂಗಸು ಅಷ್ಟು ದೂರದಿಂದ ಬಂದಿದ್ದಾಳೆ ಎಂದು ಬೇರೆ ಚಾರ್ಜರ್ ಕೊಟ್ಟು ಕಳಿಸಿದೆ. ಮತ್ತೆ ಹತ್ತು ದಿನಕ್ಕೆ ಬಂದಳು, ಅದೇ ಮಾತು. ಸೆಲ್ಲೂ ಬದಲಾಯಿಸಿದೆ. ನಾಲ್ಕನೆಯ ಸಲ ಅವಳು ಓಣಿಯ ತುದಿಯಲ್ಲಿ ಕಂಡಾಗಲೇ ನನ್ನ ಪಿತ್ತ ನೆತ್ತಿಗೇರಿತು. ಆವತ್ತು ಬೆಳಿಗ್ಗೆಯಿಂದ ಸೊಂಟ ಹಿಡಿದುಕೊಂಡಿತ್ತು, ಬೋಣಿಯೂ ಆಗಿರಲಿಲ್ಲ.

"ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದೆ ಅವಳು ಬಾಯಿ ತೆರೆಯುವ ಮೊದಲೇ. "ನಿನ್ನ ಗಂಡಂಗೆ ಬ್ಯಾಟ್ರಿ ಹಚ್ಚೋಕೆ ಬರುತ್ತೋ ಇಲ್ವೋ? ತಾ ಇಲ್ಲಿ."

ಅರ್ಧ ಶಟರ್ ಎಳೆದು ಅಂಗಡಿ ಕತ್ತಲು ಮಾಡಿದೆ. ಅವಳು ತಂದ ಸೆಲ್ಲನ್ನೇ ಅವಳು ತಂದ ಬ್ಯಾಟ್ರಿಗೆ ಹಾಕಿ ಹಿಂದಿನ ಗೋಡೆಗೆ ಬಿಟ್ಟೆ. ಕ್ಯಾಲೆಂಡರಿನ ಸಣ್ಣ ಅಕ್ಷರವೂ ಓದುವ ಹಾಗೆ ಕಂಡಿತು, ಗೋಡೆಯ ಮೇಲಿನ ಇರುವೆ ಸಾಲೂ ಕಂಡಿತು. "ನೋಡು, ಇದು ಬೆಳಕಲ್ವಾ? ಇದಕ್ಕಿಂತ ಬೇಕು ಅಂದ್ರೆ ಸೂರ್ಯನ್ನೇ ತಂದು ಕೊಡ್ಬೇಕು!"

ಪಾತಮ್ಮ ಗೋಡೆಯನ್ನೇ ನೋಡಿದಳು. ನಾನು ಶಟರ್ ಎತ್ತಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಗೊತ್ತೈತೆ ಕಣಣ್ಣ. ಇನ್ನೊಂದು ಚಾರ್ಜರ್ ಕೊಡು. ಬೇರೆ ಬಣ್ಣದ್ದು ಕೊಡು."

"ಗೊತ್ತಿದ್ದೂ ಯಾಕೆ ಬರ್ತೀಯಾ?"

"ಹತ್ತು ದಿನದ ಕೆಳಗೆ ಮಟಮಟ ಮಧ್ಯಾಹ್ನ ಬುತ್ತಿ ಒಯ್ದಿದ್ದೆ. ನಾಲ್ಕು ಮಾರು ದೂರದಲ್ಲಿ ನಿಂತಿದ್ದೀನಿ, ಯಾರದು ಅಂದ. ಆಮೇಲೆ ನಗಾಡಿದ, ಬಿಸ್ಲಿಗೆ ಕಣ್ಣು ಕುಕ್ತೈತೆ ಅಂದ. ನಾನೂ ನಕ್ಕೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಆಡಿದ ಗಾದೆಯನ್ನು ನುಂಗಿಕೊಳ್ಳಲು ಆಗುವಂತಿದ್ದರೆ ನುಂಗಿಕೊಳ್ಳುತ್ತಿದ್ದೆ. "ಪೊರೆ ಬಂದಿರ್ಬೇಕಮ್ಮ. ಆಪರೇಶನ್ ಮಾಡ್ತಾರೆ, ಈಗೇನು ದೊಡ್ಡದಲ್ಲ," ಎಂದೆ.

"ಅವ್ನ ಮುಂದೆ ಆ ಮಾತು ಆಡಂಗಿಲ್ಲ. ಕಣ್ಣಿಲ್ಲ ಅಂತ ಗೊತ್ತಾದ ದಿನ ಹಟ್ಟಿ ಯಜಮಾನ್ರು ಅವ್ನ ಕೈಯಿಂದ ಕಿಲಾರಿ ಕೋಲು ಇಳಿಸ್ತಾರೆ. ಕೋಲು ಹೋದ್ರೆ ಅವ್ನು ಬದುಕಲ್ಲಣ್ಣ. ಚಾರ್ಜರ್ ಕೆಟ್ಟೈತೆ ಅನ್ನೋ ತನಕ ಅವ್ನು ಕಿಲಾರಿ. ಅಷ್ಟಕ್ಕೆ ನಾನು ಬಸ್ ಹತ್ತೋದು."

ನೀಲಿ ಬಣ್ಣದ್ದೊಂದು ಕೊಟ್ಟೆ. ಮೀಟರ್ ಹಚ್ಚಿಯೇ ಕೊಟ್ಟೆ. ಅವಳು ಸೆರಗಿಗೆ ಕಟ್ಟಿಕೊಂಡು ಬಿಸಿಲಿಗೆ ಇಳಿದಳು. ಅದಾದ ಮೇಲೆ ಎರಡು ಸಲ ಬಂದಳು, ಎರಡು ಸಲವೂ ನಾನು ಏನೂ ಕೇಳದೆ ಬದಲಾಯಿಸಿ ಕೊಟ್ಟೆ. ಆರು ಚಾರ್ಜರ್ ಆ ಮನೆಗೂ ನನ್ನ ಅಂಗಡಿಗೂ ತಿರುಗಿದವು. ಒಂದೂ ಕೆಟ್ಟಿರಲಿಲ್ಲ.

ಯುಗಾದಿ ಮುಗಿದು ಬಿಸಿಲು ಉರಿಯುತ್ತಿದ್ದಾಗ ಒಂದು ದಿನ ಹನ್ನೆರಡರ ಹೊತ್ತಿಗೆ ಜೀಪೊಂದು ಓಣಿಯ ಬಾಯಲ್ಲಿ ನಿಂತಿತು. ಮೂವರು ಇಳಿದರು. ಮುಂದೆ ಬಂದವರು ಎಪ್ಪತ್ತರ ಮುದುಕರು, ಬಿಳಿ ರುಮಾಲು, ಹೆಗಲ ಮೇಲೆ ಕಂಬಳಿ. ಅವರು ಆ ಹಟ್ಟಿಯ ಯಜಮಾನ ಮೂಡಲಗಿರಿಯಪ್ಪ ಎಂದು ಜೊತೆಯವನು ಹೇಳಿದ. ನಾನು ಪಾತಮ್ಮನಿಗೆ ಕೊನೆಯ ಸಲ ಕೊಟ್ಟಿದ್ದ ಚಾರ್ಜರನ್ನು ಅವರು ಗಾಜಿನ ಮೇಲಿಟ್ಟರು.

"ಇದು ನಿನ್ನ ಅಂಗಡೀದೇನಪ್ಪ?"

"ಹೌದ್ರಿ ಯಜಮಾನ್ರೆ. ಕೂತ್ಕಳ್ರಿ."

ಅವರು ಕೂರಲಿಲ್ಲ. "ಎಂಟು ದಿನದ ಕೆಳಗೆ ರೊಪ್ಪದಿಂದ ಒಂದು ಕರ ಹೋಯ್ತು. ತೋಳ ಎಳ್ಕೊಂಡೋದ್ವು. ದೇವರ ಕರ. ನನ್ನ ತಾತನ ಕಾಲದಿಂದ ನಮ್ಮ ರೊಪ್ಪದಲ್ಲಿ ಹಂಗಾಗಿರ್ಲಿಲ್ಲ. ಕಾಟಯ್ಯ ಅಂತಾನೆ, ಬ್ಯಾಟ್ರಿ ಕೈ ಕೊಡ್ತು, ಚಾರ್ಜರ್ ಸರಿಯಿಲ್ಲ ಅಂತ. ಅವ್ನ ಹೆಂಡ್ರೂ ಹಂಗೇ ಅಂತಾಳೆ. ಹಟ್ಟೀಲಿ ಬೇರೆ ಮಾತೂ ನಡೀತೈತೆ. ಅದಕ್ಕೆ ನಿನ್ನ ಬಾಯಿಂದ ಕೇಳಣ ಅಂತ ಬಂದ್ವಿ. ಇದು ಸರಿ ಐತೋ, ಇಲ್ವೋ? ಸರಿ ಇದ್ರೆ ತಪ್ಪು ಕಿಲಾರೀದು. ಕೋಲು ಇಳಿಸ್ಬೇಕಾಗ್ತೈತೆ."

ಮೀಟರ್ ನನ್ನ ಬಲಗೈ ಪಕ್ಕದಲ್ಲೇ ಇತ್ತು. ಎರಡು ತಂತಿ ತಾಗಿಸಿದರೆ ಮುಗಿಯಿತು, ಮುಳ್ಳು ನನ್ನ ಪರವಾಗಿ ನಿಲ್ಲುತ್ತಿತ್ತು. ಮೂವರೂ ನನ್ನ ಮುಖ ನೋಡುತ್ತಿದ್ದರು. ನನಗೆ ಕಂಡದ್ದು ಬಸ್ಸಿನಿಂದಿಳಿದು ಓಣಿಯಲ್ಲಿ ಕಾಲೆಳೆದುಕೊಂಡು ಬರುವ ಆ ಹೆಂಗಸು.

"ಸರಿಯಿಲ್ರಿ," ಎಂದೆ. "ಆ ಡಬ್ಬಿ ಮಾಲೆಲ್ಲ ಹಂಗೇ ಬಂದೈತೆ. ತಪ್ಪು ನಂದೇ."

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಮೀಟರ್ ಹಚ್ಚದೆ ಮಾತಾಡಿದೆ. ಅಂಗಡಿಯಲ್ಲಿದ್ದ ಒಳ್ಳೆಯ ಚಾರ್ಜರ್, ಎರಡು ಸೆಲ್ ಹಿಡಿಯುವುದು, ಕಟ್ಟಿಕೊಟ್ಟೆ. ಮೂಡಲಗಿರಿಯಪ್ಪನವರು ಅದನ್ನು ಜೊತೆಯವನ ಕೈಗೆ ಕೊಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯಲಿಲ್ಲ. "ಇಂಥ ಮಾಲು ಯಾಕಪ್ಪ ಇಡ್ತೀಯಾ? ಬಾಯಿಲ್ಲದ ಜೀವ ಹೋಯ್ತಲ್ಲ," ಎಂದು ನಿಧಾನವಾಗಿ ಹೇಳಿ ಹೊರಟರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಸುದ್ದಿ ಬಸ್ಸಿಗಿಂತ ಮೊದಲು ಊರೂರು ಮುಟ್ಟಿತು. ಕೊಂಡ್ಲಹಳ್ಳಿಯವರು, ರಾಂಪುರದವರು, ಕಳೆದ ವರ್ಷ ಒಯ್ದಿದ್ದ ಚಾರ್ಜರುಗಳನ್ನೂ ತಂದು ಗಾಜಿನ ಮೇಲೆ ಕುಕ್ಕತೊಡಗಿದರು. ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವುಗಳನ್ನೂ ತಂದರು. ಕುದಾಪುರದ ಸೆಕ್ಯೂರಿಟಿಯವನೊಬ್ಬ ಅಂಗಡಿಯ ಮುಂದೆ ನಿಂತು, "ಸಾವ್ಕಾರ್ರೆ, ಕರು ತಿನ್ನೋ ಚಾರ್ಜರ್ ಐತೇನ್ರಿ?" ಎಂದು ಕೇಳಿ ಓಣಿಯೆಲ್ಲ ನಗಿಸಿದ. ನಾನೂ ಹಲ್ಲು ಕಿರಿದೆ. ಮನೆಗೆ ಹೋಗಿ ಊಟ ಬಿಟ್ಟು ಮಲಗಿದೆ. ಪಾತಮ್ಮ ಬರಲಿಲ್ಲ. ಎರಡು ಸೆಲ್ಲಿನ ಚಾರ್ಜರ್ ಸಿಕ್ಕ ಮೇಲೆ ಅವಳಿಗೆ ಬರುವ ಕಾರಣವೇನಿತ್ತು? ಆದರೂ ಒಂದು ಸಲ ಬಂದು ಒಂದು ಮಾತು ಆಡಿ ಹೋಗಬಹುದಿತ್ತು ಎಂದು ನನ್ನ ಸಣ್ಣ ಮನಸ್ಸಿಗೆ ಅನ್ನಿಸುತ್ತಿತ್ತು. ಸುಳ್ಳು ಹೇಳಿ ಒಬ್ಬನ ಬದುಕು ಉಳಿಸಿದೆ ಎಂಬ ಒಂದೇ ಸಮಾಧಾನ ನನಗಿದ್ದದ್ದು. ಅದನ್ನೇ ಹಿಡಿದುಕೊಂಡು ತಿಂಗಳು ಕಳೆದೆ.

ಅವಳು ಬಂದದ್ದು ಒಂದು ಮಂಗಳವಾರ, ಹತ್ತು ಗಂಟೆಗೆ. ಒಬ್ಬಳೇ ಅಲ್ಲ. ಅವಳ ಹಿಂದೆ ಎತ್ತರದ ಮನುಷ್ಯನೊಬ್ಬ, ಬರಿಗಾಲು, ಕಂಬಳಿ, ನೆರೆತ ಗಡ್ಡ. ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿದ್ದ. "ಮೆಟ್ಲೈತೆ," ಎಂದಳು ಪಾತಮ್ಮ. ಅವನು ಕಾಲಿನಿಂದ ತಡವಿ ಮೆಟ್ಟಿಲ ಮೇಲೇ ಕೂತ. ಕೈಯಲ್ಲಿ ಕೋಲಿರಲಿಲ್ಲ.

"ಪಾಲಾಕ್ಷಪ್ಪ ಅಂದ್ರೆ ನೀನೇ ಏನಪ್ಪ?" ಎಂದು ಕೇಳಿದ. ಅವನ ಮುಖ ನನ್ನ ಕಡೆ ಇರಲಿಲ್ಲ, ಫ್ಯಾನಿನ ಸದ್ದಿನ ಕಡೆ ಇತ್ತು.

"ನಾನೇ ಕಣಯ್ಯ. ಒಳಗೆ ಬಾ."

"ಇಲ್ಲೇ ಸರಿ. ನಿಂಗೊಂದು ಮಾತು ಹೇಳ್ಬೇಕಿತ್ತು, ಅದಕ್ಕೆ ಬಂದೆ. ನಿನ್ನ ಚಾರ್ಜರ್ ಸರಿ ಇತ್ತು. ಮೊದ್ಲಿಂದ ಸರಿ ಇತ್ತು. ನಿನ್ನೆ ಹಟ್ಟಿ ಮುಂದೆ ಹೇಳಿದೀನಿ."

ಪಾತಮ್ಮ ನನ್ನ ಮುಖ ನೋಡಲಿಲ್ಲ. ಅವನು ಒಂದೊಂದೇ ಮಾತು ಎತ್ತಿಡುತ್ತಾ ಹೋದ.

"ಆವತ್ತು ಬ್ಯಾಟ್ರಿ ಚೆಂದಾಗೇ ಉರೀತಿತ್ತಪ್ಪ. ಬೆಳಕೈತೆ ಅಂತ ಗೊತ್ತಾಗೋದು, ಬೆಳಕಿನಾಗೆ ಏನೈತೆ ಅಂತ ಗೊತ್ತಾಗ್ತಿರ್ಲಿಲ್ಲ. ಎಲ್ಲ ಬೆಳ್ಳಗೆ ಮಂಜು ಮಂಜು. ಎರಡು ವರ್ಷದಿಂದ ದನಾನ ಕೈಯಾಡಿಸಿ, ಮೂಸಿ ಎಣಿಸ್ತಿದ್ದೆ. ಆವತ್ತು ಬೇಲಿ ಪಕ್ಕ ಏನೋ ಅಲ್ಲಾಡ್ತು. ತೋಳ ಅಂದ್ಕೊಂಡೆ. ಇದ್ದ ಬಲ ಎಲ್ಲ ಹಾಕಿ ಕೋಲು ಬೀಸಿ ಒಗ್ದೆ. ಅಂಬಾ ಅಂತು. ಕರ ಅದು. ಹೆದ್ರಿ ಬೇಲಿ ಹಾರಿ ಹೊರಗೋಯ್ತು. ತೋಳ ಹೊರಗಿದ್ವು."

"ನಂಗೂ ಹೇಳಿರ್ಲಿಲ್ಲ," ಎಂದಳು ಪಾತಮ್ಮ.

"ಯಾರಿಗಂತ ಹೇಳ್ಲಿ? ಯಜಮಾನ್ರು ಈ ಅಂಗಡೀಯಿಂದ ಬಂದು, ನಿನ್ನ ತಪ್ಪಿಲ್ಲ ಬಿಡು ಕಾಟಯ್ಯ, ಅಂಗಡಿಯವನೇ ಒಪ್ಕೊಂಡ ಅಂದ್ರು. ನಾನು ಸುಮ್ಕಿದ್ದೆ. ರೊಪ್ಪಕ್ಕೆ ಬಂದೋರೆಲ್ಲ ನಿನ್ನ ಬೈಯೋರು. ಕೇಳ್ಕೊಂಡು ಕೂತಿದ್ದೆ. ಆ ಕರದ ತಾಯಿ ಒಂದೈತೆ. ಅದು ದಿನಾ ಬಂದು ನನ್ನ ಪಕ್ಕ ನಿಂತ್ಕೊಳ್ಳೋದು, ನನ್ನ ತೋಳು ನೆಕ್ಕೋದು. ಕರ ಕಾಯ್ದೋನು ಇವ್ನೇ ಅಂತ ಅದಕ್ಕೆ ನಂಬಿಕೆ. ತಡೆಯೋಕಾಗ್ಲಿಲ್ಲಪ್ಪ. ಹೋಗಿ ಎಲ್ಲ ಹೇಳಿ ಕೋಲು ಇಟ್ಟು ಬಂದೆ. ಈಗ ಯಜಮಾನ್ರೇ ರೊಪ್ಪದಾಗೆ ಕೂತವ್ರೆ, ಬೇರೆ ಯಾರೂ ಬರೋರಿಲ್ಲ." ಅವನು ಎರಡೂ ಕೈ ಜೋಡಿಸಿ ಫ್ಯಾನಿನ ಕಡೆ ಎತ್ತಿದ. "ನಿನ್ನ ಹೆಸ್ರು ಕೆಡಿಸ್ದೆ. ತಪ್ಪಾಯ್ತು."

ಮಾಡಿದ್ದು ಉಪಕಾರ ಎಂದುಕೊಂಡು ತಿಂಗಳಿಡೀ ನನ್ನನ್ನೇ ನಾನು ಸಂತೈಸಿಕೊಂಡಿದ್ದೆ. ಆ ದಿನ ಮೀಟರ್ ಹಚ್ಚಿದ್ದರೆ ಈ ಮನುಷ್ಯನಿಗೆ ಆ ದಿನವೇ ಎಲ್ಲ ಇಳಿಸಿಬಿಡುವುದು ಸಾಧ್ಯವಾಗುತ್ತಿತ್ತು. ನಾನು ನನ್ನ ಸುಳ್ಳಿನ ಬಾಗಿಲು ಹಾಕಿ, ಆ ಹಸುವಿನ ಜೊತೆ ಅವನನ್ನು ಒಳಗೆ ಬಿಟ್ಟು ಬಂದಿದ್ದೆ. ನಾಚಿಕೆಯಾಯಿತು. ಕೌಂಟರ್ ದಾಟಿ ಹೋಗಿ ಅವನ ಪಕ್ಕ ಮೆಟ್ಟಿಲ ಮೇಲೆ ಕೂತು ಅವನ ಕೈಗಳನ್ನು ಇಳಿಸಿದೆ.

"ಸುಳ್ಳು ಹೇಳಿದ್ದು ನಾನು ಕಣೋ ಮಾರಾಯ. ನೀನ್ಯಾಕೆ ಕೈ ಮುಗೀತೀಯಾ? ಆಗಿದ್ದಾಯ್ತು. ಇವತ್ತು ಆಸ್ಪತ್ರೆಗೆ ಕಣ್ಣಿನ ಡಾಕ್ಟ್ರು ಬರ್ತಾರೆ. ಹನ್ನೊಂದಕ್ಕೆ ಚೀಟಿ ನಿಲ್ಲಿಸ್ತಾರೆ. ಏಳು, ನಾನೂ ಬರ್ತೀನಿ."

"ಬ್ಯಾಡಪ್ಪ. ಇವ್ಳೂ ಬಸ್ಸಿನುದ್ದಕ್ಕೂ ಅದನ್ನೇ ಅಂದ್ಕೊಂಡು ಬಂದ್ಲು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸ. "ಕೋಲೇ ಹೋಯ್ತು. ಇನ್ನು ಕಣ್ಣು ಬಂದು ಏನು ನೋಡ್ಲಿ?"

ಓಣಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಪಾತಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಇಷ್ಟು ದಿನ ಅವಳ ಸಿಟ್ಟನ್ನು ನಾನು ಕಂಡಿರಲಿಲ್ಲ.

"ನನ್ನ ನೋಡು," ಎಂದಳು.

ಕಾಟಯ್ಯ ತಲೆಯೆತ್ತಿದ.

"ಹದಿನಾರು ವರ್ಷ ಎತ್ತು ನೋಡಿದೀಯಾ. ಯಾವ ಎತ್ತಿಗೆ ಎಲ್ಲಿ ಸುಳಿ ಐತೆ ಕೇಳಿದ್ರೆ ಈಗ್ಲೂ ಹೇಳ್ತೀಯಾ. ದಿನಾ ಬುತ್ತಿ ಹೊತ್ಕೊಂಡು ಬಂದೋಳ ಮುಖ ಹೆಂಗೈತೆ, ಹೇಳು ನೋಡಣ. ನನ್ನ ಕೂದ್ಲು ಯಾವಾಗ ಹಣ್ಣಾಯ್ತು, ಹೇಳು. ಮುಂದಿನ ಹಲ್ಲು ಬಿದ್ದು ಎಷ್ಟು ದಿನ ಆಯ್ತು, ಹೇಳು."

ಅವನು ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಆಮೇಲೆ ಕೈ ಚಾಚಿ ಅವಳ ಸೆರಗು ಸಿಗುವವರೆಗೂ ತಡವಿದ.

"ಹಲ್ಲು ಬಿದ್ದೈತಾ?" ಎಂದ.

"ಬಂದು ನೋಡು," ಎಂದಳು ಪಾತಮ್ಮ.

ಕಾಟಯ್ಯ ನನ್ನ ಹೆಗಲು ಹಿಡಿದು ಎದ್ದ. ನಾನು ಶಟರ್ ಎಳೆದೆ.